ಕೆರೆಯ ನೀರು, ಮಣ್ಣಿನ ಗುಣ, ಮೇವಿನ ಹುಲ್ಲು: ಉತ್ತರ ಬೆಂಗಳೂರಿನ ನಿದರ್ಶನ

ನೀರಾವರಿಯ ಚರಿತ್ರೆಯನ್ನು ನಾವು ಸಾಮಾನ್ಯವಾಗಿ ಕೆರೆ ಕಟ್ಟಿಸಿದವರ ಹೆಸರಿನಿಂದಲೂ ಅಚ್ಚುಕಟ್ಟಿನ ವಿಸ್ತೀರ್ಣದಿಂದಲೂ ಅಳೆಯುತ್ತೇವೆ. ನೀರುಂಡ ನೆಲವು ಬಹುಕಾಲದ ತರುವಾಯ ಏನಾಯಿತೆಂದು ವಿಚಾರಿಸುವುದು ವಿರಳ. ಹೆಬ್ಬಾಳ, ಜಕ್ಕೂರು, ಯಲಹಂಕಗಳ ಸೀಮೆಯು ಈ ವಿಚಾರಕ್ಕೆ ತಕ್ಕ ಕ್ಷೇತ್ರವಾಗಿದೆ.

ಇಲ್ಲಿಯ ನೆಲ ಬಹುಮಟ್ಟಿಗೆ ಕೆಮ್ಮಣ್ಣು. ಅದರಲ್ಲಿ ನೀರು ಬೇಗ ಇಂಗುತ್ತದೆ, ಸಾವಯವಾಂಶ ಕಡಮೆ. ವರ್ಷವಿಡೀ ಹರಿಯುವ ಹೊಳೆಯಿಲ್ಲದ ಕಾರಣ ಹಿಂದಿನವರು ಮಳೆನೀರನ್ನು ಸಾಲುಗೆರೆಗಳಲ್ಲಿ ತಡೆದು ತೂಬಿನ ಮೂಲಕ ಗದ್ದೆಗಳಿಗೆ ಹರಿಸಿದರು. ಕೆರೆ ಬತ್ತಿದಾಗ ಹೂಳನ್ನು ಗಾಡಿಗಳಲ್ಲಿ ಹೊಲಕ್ಕೆ ಸಾಗಿಸುತ್ತಿದ್ದರು. ಬದುವಿನ ಹುಲ್ಲು ದನಗಳಿಗೆ, ದನಗಳ ಗೊಬ್ಬರ ಮರಳಿ ನೆಲಕ್ಕೆ ಸಲ್ಲುತ್ತಿದ್ದಿತು. ನೀರು ನೆಲದಿಂದ ಕೊಚ್ಚಿ ಒಯ್ದುದರಲ್ಲಿ ಒಂದಂಶವಾದರೂ ಹೀಗೆ ಹಿಂದಿರುಗುತ್ತಿದ್ದಿತು.

1899ರಲ್ಲಿ ಮಹಾರಾಣಿ ಕೆಂಪನಂಜಮ್ಮಣ್ಣಿಯವರು ದಾನವಿತ್ತ 30 ಎಕರೆ ಭೂಮಿಯಲ್ಲಿ ಡಾ. ಲೇಮನ್ನರ ನೇತೃತ್ವದಲ್ಲಿ ಹೆಬ್ಬಾಳದ ಪ್ರಯೋಗಕ್ಷೇತ್ರವು ಆರಂಭವಾಯಿತು. 1946ರಲ್ಲಿ ಅಲ್ಲಿ ಕೃಷಿ ಕಾಲೇಜು, 1964ರಲ್ಲಿ ಕೃಷಿ ವಿಶ್ವವಿದ್ಯಾನಿಲಯ ಬಂದವು. ಬೆಂಗಳೂರಿನಲ್ಲಿ ದಶಕಗಳ ಕಾಲ ನಡೆದ ಗೊಬ್ಬರದ ಪ್ರಯೋಗಗಳಿಂದ ಒಂದು ತತ್ತ್ವ ಸ್ಪಷ್ಟವಾಗಿದೆ: ಕೇವಲ ಸಾರಜನಕ ಗೊಬ್ಬರವನ್ನು ಹಾಕುತ್ತ ಹೋದರೆ ಕೆಮ್ಮಣ್ಣಿನ ಆಮ್ಲತೆ ಹೆಚ್ಚಿ ಇಳುವರಿ ಕುಗ್ಗುತ್ತದೆ, ಕೊಟ್ಟಿಗೆ ಗೊಬ್ಬರವೂ ಸುಣ್ಣವೂ ಕೂಡಿದರೆ ಅದು ನಿಲ್ಲುತ್ತದೆ. ಮೊದಲ ಕೆಲವು ವರ್ಷಗಳ ಫಸಲು ನೆಲದ ಶಕ್ತಿಗೆ ಪ್ರಮಾಣವಲ್ಲ.

ಈ ನಡುವೆ ಕೆರೆಯ ನೀರೇ ಬದಲಾಯಿತು. 1896ರಲ್ಲಿ ಹೆಸರಘಟ್ಟದಿಂದಲೂ 1974ರಿಂದ ಕಾವೇರಿಯಿಂದಲೂ ನಗರಕ್ಕೆ ಬಂದ ನೀರು, ಬಳಕೆಯ ತರುವಾಯ ಕೊಳಚೆಯಾಗಿ ಕಣಿವೆಗಳಿಗೆ ಇಳಿಯತೊಡಗಿತು. ಇಂದು ಹೆಬ್ಬಾಳ–ನಾಗವಾರ ಕಣಿವೆಯ ಯೋಜನೆಯಲ್ಲಿ ದಿನಕ್ಕೆ 210 ದಶಲಕ್ಷ ಲೀಟರ್ ಸಂಸ್ಕರಿತ ನೀರನ್ನು ಅಂತರ್ಜಲ ವೃದ್ಧಿಗಾಗಿ 65 ಕೆರೆಗಳಿಗೆ ತುಂಬಿಸುವ ಉದ್ದೇಶವಿದೆ. ಬರಗಾಲದ ನಾಡಿಗೆ ಇದು ದೊಡ್ಡ ಉಪಕಾರವೇ ಸರಿ. ಆದರೆ ಕೊಳವೆಬಾವಿಯ ಮೂಲಕ ಮೇಲೆ ಬಂದು ಹೊಲ ಸೇರುವ ಇಂಥ ನೀರು ಹಳೆಯ ಮಳೆನೀರಲ್ಲ.

ಇಂಥ ನೀರಿನಲ್ಲಿ ಸಾರಜನಕ, ರಂಜಕಗಳಿರುವುದರಿಂದ ಮೇವಿನ ಹುಲ್ಲು ಸೊಂಪಾಗಿ ಬೆಳೆಯುತ್ತದೆ. ಹತ್ತೊಂಬತ್ತನೆಯ ಶತಮಾನದ ಎಡಿನ್‌ಬರೋ ನಗರದ ಬಳಿ ಕೊಳಚೆಯುಂಡ ಹುಲ್ಲುಗಾವಲುಗಳನ್ನು ವರ್ಷಕ್ಕೆ ಹಲವು ಸಲ ಕೊಯ್ದು ಹೈನುಗಾರರಿಗೆ ಮಾರುತ್ತಿದ್ದರು. ಹೈದರಾಬಾದಿನ ಮೂಸಿ ನದಿಯ ತೀರದಲ್ಲಿ ಬತ್ತಕ್ಕೆ ಒಗ್ಗದಷ್ಟು ಉಪ್ಪೇರಿದ ನೆಲದಲ್ಲಿಯೂ ಪ್ಯಾರಾ ಹುಲ್ಲು ಬೆಳೆಯಿತು. ಎಂದರೆ, ಹುಲ್ಲಿನ ಹಸುರು ನೆಲದ ಆರೋಗ್ಯಕ್ಕೆ ಸಾಕ್ಷಿಯಾಗಲಾರದು. ಇತರ ಬೆಳೆಗಳು ಸೋತ ಮೇಲೆಯೂ ಅದು ಉಳಿಯಬಲ್ಲದು.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯು ಆಮ್ಲತೆ, ಲವಣಾಂಶ, ಸಾವಯವ ಇಂಗಾಲ ಮತ್ತು ಪೋಷಕಾಂಶಗಳನ್ನು ತಿಳಿಸುತ್ತದೆ. ಸೀಸ, ಕ್ಯಾಡ್ಮಿಯಮ್‌ಗಳ ಲೆಕ್ಕ ಅದರಲ್ಲಿಲ್ಲ. ಹುಲ್ಲು ಹಾಲಾಗಿ ಮನೆಮನೆಗೆ ಬರುವುದರಿಂದ ಈ ಲೆಕ್ಕವೂ ಅವಶ್ಯಕ. ಹೊಸ ನೀರು ಹರಿಯುವ ಪ್ರತಿ ಅಚ್ಚುಕಟ್ಟಿನಲ್ಲಿಯೂ ಗೊತ್ತಾದ ತಾಕುಗಳ ಮಣ್ಣನ್ನು ವರ್ಷವರ್ಷವೂ ಪರೀಕ್ಷಿಸಿ ದಾಖಲಿಡುವುದು ಕಾಲೇಜುಗಳಿಗೂ ಸಾಧ್ಯವಾದ ಕಾರ್ಯ. ಹೂಳನ್ನು ಹೊಲಕ್ಕೆ ಹಿಂದಿರುಗಿಸಿದವರು ನೀರಿನೊಡನೆ ನೆಲದ ಹೊಣೆಯನ್ನೂ ಹೊತ್ತಿದ್ದರು. ನೀರು ಬದಲಾದರೂ ಆ ಹೊಣೆ ಬದಲಾಗಿಲ್ಲ.