ಬಳೆಯಂತೆ ಹರಡಿದ ದದ್ದು

ದದ್ದು: ‘ಮಗುವಿಗೆ ಮೈತುಂಬ ದದ್ದು ಎದ್ದಿದೆ’ ಎಂದಾಗ ನಮಗೆ ಹೊಳೆಯುವುದು ಕೆಂಪಗೆ ಉಬ್ಬಿ, ಕೆಲವೇ ಗಂಟೆಗಳಲ್ಲಿ ಇಳಿದುಹೋಗುವ ಪಿತ್ತಗಂಧೆ. ಪದದ ಮೂಲಾರ್ಥ ಬೇರೆ. ಸಂಸ್ಕೃತದ ‘ದದ್ರು’ವಿನ ತದ್ಭವ ಇದು, ದದ್ರು ಎಂದರೆ ಅಂಚು ದಪ್ಪಗಾಗಿ, ನಡು ತಿಳಿಯಾಗುತ್ತ, ಬಳೆಯಂತೆ ಹರಡುವ ಹುಳುಕಡ್ಡಿ. ಹಿಂದಿಯ ‘ದಾದ್’ ಇಂದಿಗೂ ಅದೇ. ಇಂಗ್ಲಿಷಿನ ಹಳೆಯ ‘ಟೆಟರ್’ ದೂರದ ನೆಂಟ. ತುಳುನಾಡಿನಲ್ಲಿ ಮಳೆಗಾಲದ ಅಡುಗೆಗೆ ಒದಗುವ ತಜಂಕ್ ಸೊಪ್ಪಿಗೆ, ಅಂದರೆ ನಮ್ಮ ಚಗಟೆಗೆ, ಸಂಸ್ಕೃತದಲ್ಲಿ ‘ದದ್ರುಘ್ನ’ ಎಂಬ ಹೆಸರಿದೆ: ದದ್ರುವನ್ನು ಕೊಲ್ಲುವಂಥದ್ದು. ಈಗ ಪಿತ್ತಗಂಧೆ, ಹುಳುಕಡ್ಡಿ ಎರಡನ್ನೂ ದದ್ದು ಎಂದು ಕರೆದು ಒಂದೇ ಮುಲಾಮು ಹಚ್ಚುವುದನ್ನು ಕಂಡರೆ ದಿಗಿಲಾಗುತ್ತದೆ. ಸ್ಟೀರಾಯ್ಡ್ ಮುಲಾಮು ಹುಳುಕಡ್ಡಿಯ ತುರಿಕೆಯನ್ನಷ್ಟೇ ತಗ್ಗಿಸಿ, ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಹರಡಲು ಬಿಡುತ್ತದೆ.