ಕುಡಿಯಲ್ಲ ಸರ್, ಓಡ್ತೀನಿ

ಭಾನುವಾರ ಹಾಫ್ ಮ್ಯಾರಥಾನ್ ಓಡಿದ್ದೆ. ಮಂಗಳವಾರ ಆಫೀಸಿನ ಹೆಲ್ತ್ ಚೆಕಪ್. ರಿಪೋರ್ಟಿನಲ್ಲಿ ಎಸ್‌ಜಿಒಟಿ, ಎಸ್‌ಜಿಪಿಟಿ ಎರಡೂ ಜಾಸ್ತಿ. ಡಾಕ್ಟರು ಕನ್ನಡಕದ ಮೇಲಿಂದ ನೋಡಿ, "ಎಷ್ಟು ಕುಡೀತೀರಾ?" ಅಂದ್ರು. "ಕುಡಿಯಲ್ಲ ಸರ್, ಓಡ್ತೀನಿ" ಅಂದೆ. ನಕ್ಕು ಸಿಪಿಕೆ ಅನ್ನೋ ಇನ್ನೊಂದು ಟೆಸ್ಟ್ ಬರೆದುಕೊಟ್ಟರು. ಅದೂ ಏರಿತ್ತು. ಅಂದರೆ ಇದು ದಣಿದ ಸ್ನಾಯುಗಳಿಂದ ರಕ್ತಕ್ಕೆ ಸೋರಿದ ಕಿಣ್ವ, ಲಿವರಿನ ತಪ್ಪಲ್ಲ. ಹತ್ತು ದಿನ ಬಿಟ್ಟು ನೋಡಿದರೆ ಎಲ್ಲ ನಾರ್ಮಲ್.

ನಾನೇನೋ ಬಚಾವಾದೆ. ಆದರೆ ಓಟದಿಂದ ಲಿವರ್ ನಿಜವಾಗಲೂ ಹಾಳಾಗುತ್ತಾ? ಆಗುತ್ತೆ, ಅಪರೂಪಕ್ಕೆ. ಅದನ್ನು ವೈದ್ಯರು ಕಲಿತದ್ದು ಸತ್ತವರಿಂದ.

1912ರ ಸ್ಟಾಕ್‌ಹೋಮ್ ಒಲಿಂಪಿಕ್ಸ್. ಪೋರ್ಚುಗಲ್‌ನ ಬಡಗಿ ಫ್ರಾನ್ಸಿಸ್ಕೊ ಲಾಝಾರೊ ಬಿರುಬಿಸಿಲಲ್ಲಿ ಮ್ಯಾರಥಾನ್ ಓಡುತ್ತಾ ಕುಸಿದುಬಿದ್ದ, ಮರುದಿನ ತೀರಿಕೊಂಡ. ಬಿಸಿಲು ತಾಗದಿರಲಿ ಅಂತ ಮೈಗೆಲ್ಲ ಮೇಣ ಬಳಿದುಕೊಂಡಿದ್ದ, ಹಾಗಾಗಿ ಬೆವರು ಹೊರಬರಲಿಲ್ಲ ಅಂತ ಹೇಳುತ್ತಾರೆ.

ಆಮೇಲೆ ಎರಡನೇ ಮಹಾಯುದ್ಧ. ಅಮೆರಿಕದ ತರಬೇತಿ ಶಿಬಿರಗಳಲ್ಲಿ ಎಳೆಯ ಸೈನಿಕರು ಸೆಖೆಯಲ್ಲಿ ಕವಾಯತು ಮಾಡುತ್ತಲೇ ಬಿದ್ದು ಸಾಯುತ್ತಿದ್ದರು. ಮಲಮಡ್, ಹೇಮೇಕರ್, ಕಸ್ಟರ್ ಎಂಬ ಮೂವರು ವೈದ್ಯರು ಇಂಥ 125 ಸಾವುಗಳನ್ನು ಪರೀಕ್ಷಿಸಿ 1946ರಲ್ಲಿ ವರದಿ ಬರೆದರು. ಪೆಟ್ಟು ತಿಂದ ಅಂಗಗಳಲ್ಲಿ ಲಿವರೂ ಇತ್ತು.

ಕಾರಣ ಸರಳ. ಓಡುವಾಗ ರಕ್ತ ಕಾಲಿನ ಸ್ನಾಯುಗಳಿಗೆ, ಚರ್ಮಕ್ಕೆ ಹರಿಯುತ್ತೆ. ಹೊಟ್ಟೆಯ ಭಾಗಕ್ಕೆ ಕಡಿಮೆಯಾಗುತ್ತೆ. ಮೈಯೊಳಗಿನ ಶಾಖ 40 ಡಿಗ್ರಿ ದಾಟಿದಾಗ ಲಿವರಿಗೆ ಆಮ್ಲಜನಕದ ಕೊರತೆ ಒಂದು ಕಡೆ, ಬೇಗೆ ಇನ್ನೊಂದು ಕಡೆ. ಕಾಲುವೆಯ ಕೊನೆಯ ಗದ್ದೆ ಮೊದಲು ಒಣಗೋ ಹಾಗೆ, ರಕ್ತ ಕೊನೆಗೆ ತಲುಪುವ ಜೀವಕೋಶಗಳು ಮೊದಲು ಸಾಯುತ್ತವೆ.

ಬದುಕಿರುವಾಗಲೇ ಇದನ್ನು ಹಿಡಿಯುವ ದಾರಿ ಸಿಕ್ಕಿದ್ದು 1954ರ ನಂತರ. ಎಸ್‌ಜಿಒಟಿ ಪರೀಕ್ಷೆ ಹುಟ್ಟಿದ್ದು ಅಸಲಿಗೆ ಹೃದಯಾಘಾತ ಪತ್ತೆಗೆ, ಲಿವರಿಗೂ ಒದಗಿಬಂತು. ಒಂದು ತೊಡಕು ಮಾತ್ರ ಇದೆ. ಶಾಖಾಘಾತದಲ್ಲಿ ಈ ಅಂಕಿಗಳು ಸಾಮಾನ್ಯವಾಗಿ ಎರಡು ಮೂರು ದಿನ ಕಳೆದ ಮೇಲೆ ತುದಿ ಮುಟ್ಟುತ್ತವೆ. ಬಿದ್ದವನು ಎದ್ದು ಕೂತ ಅಂತ ಅವತ್ತೇ ಮನೆಗೆ ಕಳಿಸುವಂತಿಲ್ಲ.

1957ರಲ್ಲಿ ಯಾಗ್ಲೂ ಮತ್ತು ಮಿನಾರ್ಡ್ ಸೈನಿಕರಿಗಾಗಿ ಶಾಖದ ಒಂದು ಸೂತ್ರ ಪ್ರಕಟಿಸಿದರು. ಅದರಲ್ಲಿ ಗಾಳಿಯ ಬರಿ ಉಷ್ಣಾಂಶಕ್ಕೆ 10% ತೂಕ, ಬಿಸಿಲಿನ ಕಾವಿಗೆ 20%. ಉಳಿದ 70% ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿಗೆ, ಅಂದರೆ ಬೆವರು ಆರುತ್ತೋ ಇಲ್ಲವೋ ಅನ್ನೋದಕ್ಕೆ. ಬೆಂಗಳೂರಿನ ಪೇಸಿನಲ್ಲೇ ಮಂಗಳೂರಲ್ಲಿ ಓಡಬಾರದು ಅನ್ನೋದು ಇದಕ್ಕೇ. ಎಷ್ಟೋ ಮ್ಯಾರಥಾನ್‌ಗಳಲ್ಲಿ ಇವತ್ತು ಹಾರಿಸುವ ಬಣ್ಣದ ಬಾವುಟಗಳ ಹಿಂದಿರುವುದೂ ಇದೇ ಲೆಕ್ಕ. ಕಪ್ಪು ಬಾವುಟ ಕಂಡರೆ ಓಟ ಬಂದ್.

ನಮ್ಮೂರಲ್ಲಿ ತಾತ ಹೊತ್ತೇರುತ್ತಿದ್ದ ಹಾಗೆ ಎತ್ತು ಬಿಚ್ಚಿ ಹೊಂಗೆ ಮರದ ನೆರಳಿಗೆ ಕಟ್ಟೋರು. "ಇನ್ನೊಂದು ಸಾಲು ಹೊಡೀಬಹುದಲ್ಲ ತಾತ" ಅಂದ್ರೆ, "ಎತ್ತು ಬಾಯ್ಬಿಟ್ಟು ಹೇಳಲ್ಲ ಕಣೋ" ಅನ್ನೋರು. ಆ ಸೈನಿಕರಿಗೆ ನಿಲ್ಲೋ ಸ್ವಾತಂತ್ರ್ಯ ಇರಲಿಲ್ಲ, ಮೇಲಿನವರ ಆರ್ಡರ್. ನಮಗೆ ಇದೆ. ಮುಂದಿನ ಸಲ ತಲೆ ಸುತ್ತಿದಾಗ, ಕೈಲಿರೋ ವಾಚ್ ಇನ್ನೆರಡೇ ಕಿಲೋಮೀಟರ್ ಅಂದರೂ ನಿಂತುಬಿಡಿ.