ಗೋದಾಮಿನ ಲೆಕ್ಕ, ಖಾತೆಯ ಲೆಕ್ಕ: ಐರ್ಲೆಂಡಿನ ಸಣ್ಣ ವ್ಯಾಪಾರ ಸಾಗಿಬಂದ ದಾರಿ

ಟ್ಯಾಲಿಯಲ್ಲಿ ಲೆಕ್ಕ ಬರೆದು ಕೈ ಪಳಗಿದವರಿಗೆ ಎಫ್-11 ಕೀಲಿ ಗೊತ್ತು. ಅದನ್ನೊತ್ತಿ ಖಾತೆಯನ್ನೂ ದಾಸ್ತಾನನ್ನೂ ಜೋಡಿಸುವ ಆಯ್ಕೆಗೆ ‘ಹೌದು’ ಎಂದರೆ ಸಾಕು. ಆಮೇಲೆ ಬಿಲ್ ಹಾಕಿದ ಕೂಡಲೇ ಸ್ಟಾಕ್ ಇಳಿಯುತ್ತದೆ, ಲಾಭದ ಲೆಕ್ಕವೂ ಅದರ ಬೆನ್ನಿಗೇ ಬರುತ್ತದೆ. ಶ್ಯಾಮ್ ಸುಂದರ್ ಗೋಯೆಂಕಾ ಮತ್ತು ಮಗ ಭರತ್ ಗೋಯೆಂಕಾ 1986ರಲ್ಲಿ ಆರಂಭಿಸಿದ, ಈಗ ಬೆಂಗಳೂರಿನಲ್ಲಿ ನೆಲೆಯಾಗಿರುವ ಸಂಸ್ಥೆಯ ಈ ತಂತ್ರಾಂಶದಲ್ಲಿ ಗೋದಾಮು, ಖಾತೆ ಎರಡೂ ಒಂದೇ ಸೂರಿನಡಿ ಇವೆ. ಅಲ್ಲಿ ಪಳಗಿದವರು ಐರ್ಲೆಂಡಿನಲ್ಲಿ ಅಂಗಡಿ ಇಟ್ಟರೆ ಮೊದಲು ಎಡವುವುದೇ ಇಲ್ಲಿ. ಲೆಕ್ಕ ಒಂದು ಕಂಪನಿಯದು, ದಾಸ್ತಾನು ಇನ್ನೊಂದರದು, ಕಾರ್ಡ್ ಪಾವತಿ ಮತ್ತೊಂದರದು. ಮೂರರ ನಡುವೆ ಇರುವುದು ಅಂತರ್ಜಾಲದ ಕೊಂಡಿ ಮಾತ್ರ. ಈ ಕ್ಷೇತ್ರ ಬೆಳೆದ ಬಗೆಯನ್ನು ನೋಡಿದರೆ ಒಂದು ಮಾತು ಖಚಿತವಾಗುತ್ತದೆ: ತಂತ್ರಾಂಶಗಳು ಕೆಡುವುದು ಕಡಿಮೆ, ಕೊಂಡಿಗಳು ಕಳಚುವುದೇ ಹೆಚ್ಚು.

ತೆರಿಗೆ ಕಲಿಸಿದ ಶಿಸ್ತು

ಐರ್ಲೆಂಡಿನ ಅಂಗಡಿಕಾರರಿಗೆ ಬಿಲ್ಲಿನ ಶಿಸ್ತು ಕಲಿಸಿದ್ದು ತೆರಿಗೆ. 1963ರಲ್ಲಿ ವಹಿವಾಟು ತೆರಿಗೆ ಬಂತು, 1966ರಲ್ಲಿ ಸಗಟು ತೆರಿಗೆ. 1972ರ ನವೆಂಬರ್ 1ರಂದು ಎರಡನ್ನೂ ಬದಿಗೊತ್ತಿ ವ್ಯಾಟ್ ಜಾರಿಯಾಯಿತು. ಖರೀದಿಯ ಮೇಲೆ ಕಟ್ಟಿದ ತೆರಿಗೆಯನ್ನು ಮಾರಾಟದ ತೆರಿಗೆಯಿಂದ ಕಳೆಯಬೇಕಾದ್ದರಿಂದ ಪ್ರತಿ ಇನ್‌ವಾಯ್ಸೂ ದಾಖಲೆಯಾಯಿತು.

ಪಕ್ಕದ ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ 1981ರಲ್ಲಿ ಹುಟ್ಟಿದ ಸೇಜ್ ಎಂಬ ಲೆಕ್ಕದ ತಂತ್ರಾಂಶ ಇಲ್ಲಿಯೂ ಮನೆಮಾತಾಯಿತು. ಟ್ಯಾಸ್ ಬುಕ್ಸ್, ಐರ್ಲೆಂಡಿನದೇ ಆದ ಬಿಗ್ ರೆಡ್ ಬುಕ್ ಸಣ್ಣ ಕಚೇರಿಗಳ ಗಣಕಗಳಲ್ಲಿ ಕೂತವು. ಆಗೆಲ್ಲ ದಾಸ್ತಾನಿನ ವಿಭಾಗ ಬೇಕೆಂದರೂ ಅದೇ ಕಂಪನಿಯ ಪೆಟ್ಟಿಗೆಯಲ್ಲೇ ಬರುತ್ತಿತ್ತು. ಯೂರೋ ಬಂದಾಗ, ಒಂದು ಯೂರೋಗೆ 0.787564 ಐರಿಷ್ ಪೌಂಡಿನಂತೆ ಪ್ರತಿ ಸರಕಿನ ಬೆಲೆಯನ್ನೂ ತಿರುಗಿ ಕಟ್ಟಬೇಕಾಯಿತು. 2000ದಲ್ಲಿ ಕಂದಾಯ ಇಲಾಖೆಯ ಆನ್‌ಲೈನ್ ಸೇವೆ ‘ರಾಸ್’ ಆರಂಭವಾದ ಮೇಲೆ ರಿಟರ್ನ್ ಸಲ್ಲಿಕೆಯೂ ಗಣಕಕ್ಕೆ ಬಂತು.

ಕ್ಲೌಡ್ ಬಂತು, ಮನೆ ಪಾಲಾಯಿತು

2006ರಲ್ಲಿ ನ್ಯೂಜಿಲೆಂಡಿನಲ್ಲಿ ಶುರುವಾದ ಝೀರೋ ಮತ್ತು ಕ್ವಿಕ್‌ಬುಕ್ಸ್‌ನ ಆನ್‌ಲೈನ್ ರೂಪ ಬೇರೆ ದಾರಿ ಹಿಡಿದವು: ಖಾತೆಗಳನ್ನು ತಾವು ನೋಡಿಕೊಂಡು, ಉಳಿದ ಕೆಲಸಕ್ಕೆ ಹೊರಗಿನವರಿಗೆ ಬಾಗಿಲು ತೆರೆದವು. ಝೀರೋದಲ್ಲಿ ಸ್ಟಾಕ್ ಲೆಕ್ಕವೇ ಇಲ್ಲವೆಂದಲ್ಲ, ಇದೆ; ಆದರೆ ಸರಾಸರಿ ಬೆಲೆಯ ಸರಳ ಲೆಕ್ಕ. ಎರಡು ಗೋದಾಮು, ಬ್ಯಾಚ್ ಸಂಖ್ಯೆ, ಕಚ್ಚಾ ವಸ್ತುವಿನಿಂದ ಸಿದ್ಧ ಸರಕು ಎಂದೆಲ್ಲ ಬಂದರೆ ಅನ್‌ಲೀಶ್ಡ್, ಸಿನ್7 ಮುಂತಾದ ಹೊರಗಿನ ತಂತ್ರಾಂಶ, ಅಂದರೆ ಆ್ಯಡ್-ಆನ್ ಬೇಕು. ಪಾವತಿಗೆ ಲಿಮರಿಕ್ ಕಡೆಯ ಕಾಲಿಸನ್ ಸಹೋದರರು ಕಟ್ಟಿದ ಸ್ಟ್ರೈಪ್ ಇದೆ.

ಅನುಕೂಲಕ್ಕೆ ತಕ್ಕ ಅಪಾಯವೂ ಇದೆ. ಸಿಂಗಪುರದ ಟ್ರೇಡ್‌ಗೆಕೋ ಎಂಬ ದಾಸ್ತಾನು ತಂತ್ರಾಂಶವನ್ನು 2020ರಲ್ಲಿ ಕ್ವಿಕ್‌ಬುಕ್ಸ್‌ನ ಒಡೆಯ ಇಂಟ್ಯೂಟ್ ಕೊಂಡು ಹೆಸರು ಬದಲಿಸಿತು, ಆಮೇಲೆ ಆ ಸೇವೆಯನ್ನೇ ನಿಲ್ಲಿಸಿತು. ಅದನ್ನು ನೆಚ್ಚಿದವರು ಗಂಟುಮೂಟೆ ಕಟ್ಟಿಕೊಂಡು ಬೇರೆಡೆಗೆ ಹೋಗಬೇಕಾಯಿತು. ಐರಿಷ್ ಕಾನೂನಿನಂತೆ ಲೆಕ್ಕದ ದಾಖಲೆಗಳನ್ನು ಆರು ವರ್ಷ ಕಾಪಾಡಬೇಕು. ಆ್ಯಡ್-ಆನ್ ಅಷ್ಟು ಕಾಲ ಬಾಳುತ್ತದೆಂಬ ಭರವಸೆ ಯಾರೂ ಕೊಡುವುದಿಲ್ಲ. ವರ್ಷಕ್ಕೊಮ್ಮೆ ಎಲ್ಲವನ್ನೂ ಇಳಿಸಿಟ್ಟುಕೊಳ್ಳುವವರೇ ಜಾಣರು.

ಕೊಂಡಿ ಕಳಚುವ ತಾಣಗಳು

ಮೊದಲನೆಯದು ವ್ಯಾಟ್ ಕೋಡ್. ಇಲ್ಲಿ ಅಕ್ಕಿಗೆ ಸೊನ್ನೆ, ಸಾದಾ ಬಿಸ್ಕತ್ತಿಗೆ ಶೇ 13.5, ಚಾಕೊಲೇಟ್ ಸವರಿದ ಬಿಸ್ಕತ್ತಿಗೆ ಶೇ 23. ಸೂಕ್ಷ್ಮ ಎಷ್ಟೆಂದರೆ, ಸಬ್‌ವೇ ಬ್ರೆಡ್ಡಿನಲ್ಲಿ ಹಿಟ್ಟಿನ ತೂಕದ ಶೇ 10ರಷ್ಟು ಸಕ್ಕರೆ ಇದೆ, ಕಾನೂನಿನ ಮಿತಿ ಶೇ 2, ಹಾಗಾಗಿ ತೆರಿಗೆಯ ಮಟ್ಟಿಗೆ ಅದು ಬ್ರೆಡ್ಡೇ ಅಲ್ಲ ಎಂದು 2020ರಲ್ಲಿ ಐರ್ಲೆಂಡಿನ ಸುಪ್ರೀಂ ಕೋರ್ಟ್ ಹೇಳಿತು. ಇಷ್ಟು ಕೋಡುಗಳು ಆ್ಯಡ್-ಆನ್‌ನಲ್ಲೂ ಖಾತೆಯಲ್ಲೂ ಒಂದಕ್ಕೊಂದು ಸರಿಯಾಗಿ ಹೊಂದಬೇಕು. ಅದೇ ವರ್ಷ ಸೆಪ್ಟೆಂಬರ್ 1ರಿಂದ ಆರು ತಿಂಗಳು ಶೇ 23ರ ದರ 21ಕ್ಕೆ ಇಳಿದಿತ್ತು. 21ರಲ್ಲಿ ಮಾರಿದ ಸರಕು ಮಾರ್ಚ್‌ನಲ್ಲಿ ವಾಪಸು ಬಂದರೆ ಕ್ರೆಡಿಟ್ ನೋಟ್ ಕೂಡ 21ರಲ್ಲೇ ಹೋಗಬೇಕು. ಹಳೆಯ ಕೋಡನ್ನು ತಿದ್ದಿಟ್ಟವರಿಗೆ ಆ ದಾರಿಯೇ ಮುಚ್ಚಿತು. ಹೊಸ ಕೋಡ್ ಸೇರಿಸಿದವರು ಪಾರಾದರು.

ಎರಡನೆಯದು ಗಡಿ. ಬ್ರೆಕ್ಸಿಟ್‌ನಿಂದಾಗಿ 2021ರ ಜನವರಿ 1ರಿಂದ ಬ್ರಿಟನ್ನಿನ ಸರಕು ಆಮದಿನ ಲೆಕ್ಕಕ್ಕೆ ಸೇರಿತು. ಉತ್ತರ ಐರ್ಲೆಂಡಿನ ಸರಕು ಮಾತ್ರ ‘ಎಕ್ಸ್ಐ’ ಎಂದು ಶುರುವಾಗುವ ವ್ಯಾಟ್ ಸಂಖ್ಯೆಯೊಂದಿಗೆ ಯುರೋಪಿನೊಳಗಿನದಾಗಿಯೇ ಉಳಿಯಿತು. ಎರಡನ್ನೂ ‘ಯುಕೆ’ ಎಂದು ಒಂದೇ ಬುಟ್ಟಿಗೆ ಹಾಕಿದ ತಂತ್ರಾಂಶದಲ್ಲಿ ರಿಟರ್ನ್ ತಪ್ಪುತ್ತದೆ. ಲಂಡನ್ನಿನ ಸಗಟು ವ್ಯಾಪಾರಿಯಿಂದ ತಲಾ 20 ಯೂರೋದಂತೆ 100 ಚೀಲ ಅಕ್ಕಿ ತರಿಸಿದಿರಿ ಎನ್ನಿ. ಸುಂಕ, ಸಾಗಣೆ ಸೇರಿ 300 ಯೂರೋ ಆದರೆ ಚೀಲದ ನಿಜವಾದ ಬೆಲೆ 23. ಆ 300ರ ಬಿಲ್ಲನ್ನು ಆ್ಯಡ್-ಆನ್‌ಗೆ ತೋರಿಸದೆ ನೇರವಾಗಿ ಖರ್ಚಿಗೆ ಬರೆದರೆ ಗೋದಾಮು 20 ಎಂದೇ ನಂಬಿರುತ್ತದೆ. 22ಕ್ಕೆ ಮಾರಿ ಲಾಭವಾಯಿತೆಂದು ನೀವೂ ನಂಬುತ್ತೀರಿ.

ಮೂರನೆಯದು ಠೇವಣಿ. 2024ರ ಫೆಬ್ರುವರಿ 1ರಿಂದ ಪಾನೀಯದ ಪ್ಲಾಸ್ಟಿಕ್ ಬಾಟಲಿ, ಡಬ್ಬಿಗಳಿಗೆ ಅರ್ಧ ಲೀಟರಿನವರೆಗೆ 15 ಸೆಂಟ್, ಅದಕ್ಕೂ ಮೇಲಿನವಕ್ಕೆ 25 ಸೆಂಟ್ ಠೇವಣಿ ಬಂತು. ಇದರ ಮೇಲೆ ಗಿರಾಕಿಗೆ ವ್ಯಾಟ್ ಹಾಕುವಂತಿಲ್ಲ. ಠೇವಣಿಗೆ ಬಿಲ್ಲಿನಲ್ಲಿ ಬೇರೆ ಸಾಲು ಕೊಡದೆ ಬೆಲೆಯಲ್ಲೇ ಬೆರೆಸಿದವರು ತಮ್ಮದಲ್ಲದ ಹಣಕ್ಕೂ ತೆರಿಗೆ ಲೆಕ್ಕ ಹಾಕಿದಂತಾಯಿತು.

ನಾಲ್ಕನೆಯದು ಸೆಂಟ್. ತಲಾ 99 ಸೆಂಟಿನ ಮೂರು ಸಾಲಿಗೆ ಶೇ 23ರಂತೆ ಸಾಲುಸಾಲಾಗಿ ವ್ಯಾಟ್ ಹಾಕಿದರೆ 69 ಸೆಂಟ್, ಒಟ್ಟು 2.97ಕ್ಕೆ ಹಾಕಿದರೆ 68. ಒಂದು ತಂತ್ರಾಂಶ ಹೀಗೆ, ಇನ್ನೊಂದು ಹಾಗೆ ಎಣಿಸಿದರೆ ದಿನಕ್ಕೆ ನೂರು ಬಿಲ್ಲಿನಲ್ಲೂ ಒಂದು ಸೆಂಟಿನ ಜಗಳ.

ಎಲ್ಲಿಂದ ಹುಡುಕಬೇಕು

ತಾಳೆಯಾಗದಾಗ ಒಂದು ಸಂಖ್ಯೆ ತುರುಕಿ ಸರಿಮಾಡುವುದು ಹಳೆಯ ಚಾಳಿ. ಅದರಿಂದ ತಪ್ಪು ಸರಿಹೋಗುವುದಿಲ್ಲ, ಬಚ್ಚಿಟ್ಟುಕೊಳ್ಳುತ್ತದೆ. ಮೊದಲು ಆ್ಯಡ್-ಆನ್‌ನ ಸ್ಟಾಕ್ ಮೌಲ್ಯದ ವರದಿಯನ್ನೂ ಖಾತೆಯ ಸ್ಟಾಕ್ ಲೆಡ್ಜರನ್ನೂ ಒಂದೇ ತಾರೀಖಿಗೆ ತೆಗೆಯಿರಿ. ಅರ್ಧಕ್ಕರ್ಧ ಗೊಂದಲ ತಾರೀಖಿನದೇ. ಆಮೇಲೆ ಅತ್ತಿಂದಿತ್ತ ಹೋಗದೆ ಸಿಕ್ಕಿಕೊಂಡ ದಾಖಲೆಗಳ ಪಟ್ಟಿ ನೋಡಿ. ಮುಚ್ಚಿದ ಅವಧಿಗೆ ಬರೆಯಲು ಹೋಗಿ ತಿರಸ್ಕೃತವಾದ ಬಿಲ್ ಅಲ್ಲಿರುತ್ತದೆ. ಮೂರನೆಯದಾಗಿ, ಸ್ಟಾಕ್ ಲೆಡ್ಜರಿನಲ್ಲಿ ಯಾರಾದರೂ ಕೈಯಿಂದ ಜರ್ನಲ್ ಹಾಕಿದ್ದಾರೆಯೇ ನೋಡಿ. ಕೊನೆಗೆ ಸೊನ್ನೆಗಿಂತ ಕೆಳಗಿಳಿದ ಸ್ಟಾಕ್: ಖರೀದಿ ದಾಖಲಾಗುವ ಮೊದಲೇ ಮಾರಿದ ಸರಕಿಗೆ ತಂತ್ರಾಂಶ ಊಹೆಯ ಬೆಲೆ ಹಚ್ಚಿರುತ್ತದೆ.

ಪಾವತಿಯಲ್ಲಿ ಇನ್ನೊಂದು ಬಲೆಯಿದೆ. ನೂರು ಯೂರೋ ಮಾರಾಟದಲ್ಲಿ ಒಂದೂಮುಕ್ಕಾಲು ಶುಲ್ಕ ಮುರಿದು ಬ್ಯಾಂಕಿಗೆ 98.25 ಬಂದರೆ, ಅದನ್ನೇ ಹೊಸ ಮಾರಾಟವೆಂದು ಬರೆಯುವವರಿದ್ದಾರೆ. ಆಗ ಮಾರಾಟ ಎರಡಾಯಿತು, ವ್ಯಾಟ್ ಕೂಡ ಎರಡಾಯಿತು. ನಡುವೆ ಒಂದು ಕ್ಲಿಯರಿಂಗ್ ಖಾತೆ ಇಟ್ಟು ನೂರನ್ನು ಅಲ್ಲಿಗೆ ತಂದು, ಶುಲ್ಕವನ್ನೂ ಬ್ಯಾಂಕಿಗೆ ಹೋದದ್ದನ್ನೂ ಅಲ್ಲಿಂದಲೇ ಕಳೆಯಬೇಕು. ಬರಬೇಕಾದ ಪಾವತಿಯೆಲ್ಲ ಬಂದ ಮೇಲೆ ಅದು ಸೊನ್ನೆಗೆ ನಿಲ್ಲಬೇಕು.

ಮುಂದಿನ ತಿರುವು

2025ರ ಮಾರ್ಚ್‌ನಲ್ಲಿ ಯುರೋಪ್ ಒಕ್ಕೂಟ ಒಪ್ಪಿದ ನಿಯಮದಂತೆ, 2030ರ ಜುಲೈ 1ರಿಂದ ಸದಸ್ಯ ದೇಶಗಳ ನಡುವಿನ ವ್ಯಾಪಾರಿಗಳ ವಹಿವಾಟಿಗೆ ಇ-ಇನ್‌ವಾಯ್ಸ್ ಕಡ್ಡಾಯ. ಐರ್ಲೆಂಡಿನ ಕಂದಾಯ ಇಲಾಖೆ 2028ರ ನವೆಂಬರ್‌ನಲ್ಲಿ ದೊಡ್ಡ ಕಂಪನಿಗಳಿಂದ ಆರಂಭಿಸಿ, 2029ರ ನವೆಂಬರ್‌ನಲ್ಲಿ ಒಕ್ಕೂಟದೊಳಗೆ ವ್ಯಾಪಾರ ಮಾಡುವ ಎಲ್ಲ ವ್ಯಾಟ್ ನೋಂದಾಯಿತರಿಗೂ ಇದನ್ನು ವಿಸ್ತರಿಸುವ ಯೋಜನೆ ಪ್ರಕಟಿಸಿದೆ. ಆಗ ಪಿಡಿಎಫ್ ಕಳಿಸಿದರೆ ಸಾಲದು. ಯಂತ್ರ ಓದುವ ಬಿಲ್ ಬೇಕು. ಇವತ್ತು ಆ್ಯಡ್-ಆನ್‌ನಲ್ಲಿ ಕುಳಿತಿರುವ ತಪ್ಪು ಕೋಡ್ ಅಂದು ಲೆಕ್ಕಿಗರ ಕಣ್ಣಿಗೆ ಬೀಳುವ ಮೊದಲೇ ಇಲಾಖೆಯನ್ನು ತಲುಪಿರುತ್ತದೆ.

ಆದ್ದರಿಂದ ಹೊಸ ಆ್ಯಡ್-ಆನ್ ಕೊಳ್ಳುವ ಮೊದಲು ಒಂದು ಹಾಳೆಯಲ್ಲಿ ಬರೆದುಕೊಳ್ಳಿ: ಸರಕಿನ ಬೆಲೆಗೆ ಯಜಮಾನ ಯಾವ ತಂತ್ರಾಂಶ, ವ್ಯಾಟ್ ದರಕ್ಕೆ ಯಾವುದು, ಗಿರಾಕಿಯ ಹೆಸರಿಗೆ ಯಾವುದು. ಒಂದು ವಿಷಯಕ್ಕೆ ಇಬ್ಬರು ಯಜಮಾನರಿದ್ದರೆ ಲೆಕ್ಕ ತಾಳೆಯಾಗುವುದಿಲ್ಲ.